ಸಣ್ಣ ಟ್ರ್ಯಾಕ್ಟರಿಗೆ ಎಷ್ಟು ಟನ್ನಿನ ವಿಂಚ್?

ಹೋದ ಬೇಸಿಗೆಯಿಂದ ಮಕ್ತಲದ ಸಂತೆಯಲ್ಲಿ, ಶಾಲೆಯ ಪಾಲಕರ ಸಭೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ನಮಗೆ ಒಂದೇ ಪ್ರಶ್ನೆ. "ಸರ, ಆ ಹಗ್ಗ ಸುತ್ತೋ ಮಷೀನು ಎಲ್ಲಿ ತಂದ್ರಿ? ಎಷ್ಟು ಟನ್ನಿಂದು?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಕಂಡುಕೊಳ್ಳಲು ನಮಗೆ ಮೂರು ತಿಂಗಳು, ಮೂರು ಸಾವಿರ ರೂಪಾಯಿ ದಂಡ, ಮತ್ತು ಒಮ್ಮೆ ಜೀವ ಬಾಯಿಗೆ ಬಂದದ್ದು ಎಲ್ಲ ಬೇಕಾಯಿತು. ಅದಕ್ಕೇ ಇಲ್ಲಿ ಬರೆದುಬಿಡುತ್ತಿದ್ದೇವೆ.

ನಾವು ಅಂದರೆ ಅಣ್ಣ ತಮ್ಮಂದಿರಿಬ್ಬರು. ಒಬ್ಬರು ಶಾಲೆ ಮೇಷ್ಟ್ರು, ಇನ್ನೊಬ್ಬ ಒಕ್ಕಲುತನ ಮಾಡುವವನು. ಟ್ರ್ಯಾಕ್ಟರ್ ಅವನ ಕೈಯಲ್ಲಿ, ಸಾಲದ ಕಾಗದದ ಮೇಲಿನ ಸಹಿ ಇಬ್ಬರದು. ಮಕ್ತಲದಿಂದ ಕೃಷ್ಣೆಯ ಕಡೆಗೆ ಹೋಗುವಾಗ ಸಿಗುವ ಊರಿನಲ್ಲಿ ಅಪ್ಪ ಬಿಟ್ಟು ಹೋದ ಹೊಲವಿದೆ. ಅದರಲ್ಲಿ ಹಳ್ಳದ ಬದಿಯ ಎರಡೂವರೆ ಎಕರೆ ಹದಿನೈದು ವರ್ಷದಿಂದ ಬೀಳು. ಬೀಳು ಬಿದ್ದ ಹೊಲದಲ್ಲಿ ಏನು ಬೆಳೆಯುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಳ್ಳಾರಿ ಜಾಲಿ! ತೆಲುಗಿನವರು ಸರ್ಕಾರು ತುಮ್ಮ ಅನ್ನುತ್ತಾರೆ. ಇದು ಈ ದೇಶದ ಗಿಡವೇ ಅಲ್ಲ. 1870ರ ದಶಕದಲ್ಲಿ ಬ್ರಿಟಿಷರ ಕಾಲದ ಅರಣ್ಯ ಇಲಾಖೆಯವರು ಉರುವಲಿಗೆ ಆದೀತೆಂದು ಜಮೈಕಾದಿಂದ ಬೀಜ ತರಿಸಿ ಮದ್ರಾಸ್ ಪ್ರಾಂತ್ಯದಲ್ಲಿ ಹಾಕಿಸಿದರು. ಆಮೇಲೆ ಯಾರೂ ಬಿತ್ತಬೇಕಾಗಲಿಲ್ಲ. ಕುರಿ ಮೇಕೆ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟಿತು.

ಭೀಮಾ ಏತ ನೀರಾವರಿ, ಸಂಗಂಬಂಡ ಜಲಾಶಯ ಆದ ಮೇಲೆ ನಮ್ಮ ಸುತ್ತ ಬೀಳು ನೆಲಕ್ಕೂ ಬೆಲೆ ಬಂತು. ಪಕ್ಕದ ಹೊಲದವರು ಭತ್ತ ನಾಟಿ ಮಾಡುತ್ತಿದ್ದರೆ ನಾವು ಮುಳ್ಳು ನೋಡುತ್ತಾ ಕೂತಿದ್ದೆವು. ತೆಗೆಯೋಣ ಅಂತ ತೀರ್ಮಾನವಾಯಿತು.

ಜಾಲಿ ಕಡಿಯುವುದು ದೊಡ್ಡ ಮಾತಲ್ಲ ನೋಡಿ. ಕಡಿದದ್ದನ್ನು ಹೊರಗೆ ತರುವುದೇ ಕೆಲಸ. ಟ್ರ್ಯಾಕ್ಟರ್ ಒಳಗೆ ಹೋದರೆ ಪಂಕ್ಚರ್. ನಮ್ಮದು 24 ಎಚ್‌ಪಿ ಸಣ್ಣ ಗಾಡಿ, ತೂಕ ಹೆಚ್ಚೆಂದರೆ ಒಂದು ಟನ್. ಮೊದಲ ವಾರವೇ ಮುಂದಿನ ಎರಡೂ ಟೈರು ಹೋದವು. ಜಾಲಿ ಮುಳ್ಳು ಟೈರಿನೊಳಗೆ ಮುರಿದುಕೊಂಡರೆ ತೆಗೆದು ಹಾಕುವವನ ಕೈಗೂ ಸಿಗುವುದಿಲ್ಲ. "ಜೆಸಿಬಿ ತರ್ಸ್ರಿ ಸರ, ಒಂದು ದಿನದ ಕೆಲಸ" ಅಂದರು ಎಲ್ಲರೂ. ನಿಜವೇ. ಆದರೆ ಜೆಸಿಬಿ ಕಟ್ಟಿಗೆ, ಬೇರು, ಮೇಲ್ಮಣ್ಣು ಮೂರನ್ನೂ ಕಲಸಿ ಒಂದು ಗುಡ್ಡೆ ಮಾಡಿ ಹೋಗುತ್ತದೆ. ಮಣ್ಣು ಮೆತ್ತಿದ ಕಟ್ಟಿಗೆಯನ್ನು ಇದ್ದಿಲು ಸುಡುವವರು ಮುಟ್ಟುವುದಿಲ್ಲ. ಮೇಲಾಗಿ ಹಳ್ಳದ ದಂಡೆಗೆ ಅದು ಇಳಿಯುವ ಹಾಗೆಯೂ ಇರಲಿಲ್ಲ. ಬೊಡ್ಡೆ ಕೀಳಲಿಕ್ಕೆ ಮಾತ್ರ ಕೊನೆಗೆ ಒಂದು ದಿನ ಕರೆಸಿದೆವು. ಅದನ್ನು ಮುಂದೆ ಹೇಳುತ್ತೇವೆ.

ಅಲ್ಲೇ ಹಳ್ಳದೊಳಗೆ ಅಪ್ಪ ನೆಟ್ಟ ಬೇವಿನ ಮರ ಮೇ ತಿಂಗಳ ಗಾಳಿಗೆ ಉರುಳಿ ಬಿದ್ದಿತ್ತು. ಬಾಗಿಲ ಚೌಕಟ್ಟಿಗೆ ಬೇಕು ಅಂತ ತಮ್ಮನ ಹಟ. (ಬಿದ್ದ ಮರವೇ ಆದರೂ ಸಾಗಿಸುವ ಮುಂಚೆ ಅರ್ಜಿ ಕೊಟ್ಟು ಕಾಗದ ಮಾಡಿಸಿಕೊಂಡೆವು. 2002ರ ವಾಲ್ಟಾ ಕಾಯ್ದೆ ನಮ್ಮ ಹೊಲದ ಮರಕ್ಕೂ ಅನ್ವಯಿಸುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.)

ಜೀವ ಬಾಯಿಗೆ ಬಂದದ್ದು ಈ ಬೇವಿನಿಂದಲೇ. ಒಂದು ಭಾನುವಾರ ತಮ್ಮ ಸರಪಳಿ ತಂದು ಒಂದು ತುದಿ ದಿಮ್ಮಿಗೆ ಬಿಗಿದ. ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿನ ಹಿಂದೆ, ಟಾಪ್ ಲಿಂಕ್ ಹಾಕುವ ಮೇಲಿನ ಕೊಂಡಿಗೆ ಸಿಕ್ಕಿಸಿದ. ಮೇಲೆ ಕಟ್ಟಿದರೆ ದಿಮ್ಮಿಯ ಮೂತಿ ಎತ್ತಿಕೊಂಡು ಬರುತ್ತದೆ ಅನ್ನುವುದು ಅವನ ಲೆಕ್ಕ. ನಾವೂ ಹೌದು ಅಂದೆವು! ಅವನ ಮಗ, ಒಂಬತ್ತನೆಯ ತರಗತಿಯವನು, ಮಡ್‌ಗಾರ್ಡ್ ಮೇಲೆ ಕೂತಿದ್ದ. ಗೇರು ಹಾಕಿ ಕ್ಲಚ್ ಬಿಟ್ಟದ್ದೇ ತಡ, ದಿಮ್ಮಿ ಒಂದು ಗೇಣು ಸರಿದು ಬಂಡೆಗೆ ಸಿಕ್ಕಿಕೊಂಡಿತು. ಗಾಡಿಯ ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಎದ್ದವು. ಎಷ್ಟು ಎತ್ತರ ಅಂತ ಈಗ ಕೇಳಿದರೆ ತಮ್ಮ ಒಂದು ಹೇಳುತ್ತಾನೆ, ಹುಡುಗ ಇನ್ನೊಂದು ಹೇಳುತ್ತಾನೆ. ನಮ್ಮ ಕಣ್ಣಿಗೆ ಕಂಡದ್ದು ಗಾಡಿಯ ಹೊಟ್ಟೆ. ತಮ್ಮ ಕ್ಲಚ್ ತುಳಿದ, ಗಾಡಿ ಧಡ್ ಅಂತ ಕೆಳಗೆ ಕೂತಿತು. ಹುಡುಗ ಜಿಗಿದು ಬದುವಿನ ಮೇಲೆ ಬಿದ್ದಿದ್ದ. ಮೊಣಕೈ ತರಚಿತ್ತು, ಅಷ್ಟೇ. ಆ ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ಹುಡುಗನೇ ಹೇಳಿಬಿಟ್ಟ. ಅವನ ಅವ್ವ ನಮ್ಮಿಬ್ಬರ ಜೊತೆಗೂ ಒಂದು ವಾರ ಮಾತು ಬಿಟ್ಟಳು.

ಆಮೇಲೆ ವಿಂಚಿನ ಹುಡುಕಾಟ ಶುರುವಾಯಿತು.

ಮೊದಲು ಸಿಕ್ಕಿದ್ದು ಜೀಪಿಗೆ ಹಾಕುವ ವಿದ್ಯುತ್ ವಿಂಚ್. ಪಟ್ಟಣದ ಒಂದು ಅಂಗಡಿ. ಡಬ್ಬಿ ಚಂದ, ಮೇಲೆ ದೊಡ್ಡದಾಗಿ 9500 ಪೌಂಡ್ ಅಂತ ಬರೆದಿತ್ತು. ಲೆಕ್ಕ ಹಾಕಿದರೆ 4300 ಕಿಲೋ! ಒಂದು ಟನ್ನಿನ ದಿಮ್ಮಿಗೆ ನಾಲ್ಕು ಟನ್ನಿನ ವಿಂಚ್, ಇನ್ನೇನು ಬೇಕು ಅಂತ ಮೂರು ಸಾವಿರ ಮುಂಗಡ ಕೊಟ್ಟು ಬಂದೆವು. ರಾತ್ರಿ ಜೊತೆಗಿದ್ದ ಹಾಳೆ ಓದಿದಾಗ ಎದೆ ಝಲ್ ಅಂದಿತು. ಪೂರ್ತಿ ಭಾರ ಎಳೆಯುವಾಗ ಅದು ಕೇಳುವುದು 400 ಆಂಪಿಯರ್ ಹತ್ತಿರ. ನಮ್ಮ ಗಾಡಿಯ ಆಲ್ಟರ್ನೇಟರ್ ಕೊಡುವುದು 36. ಉಳಿದದ್ದೆಲ್ಲ ಬ್ಯಾಟರಿಯಿಂದ ಬರಬೇಕು. ಒಂದೆರಡು ನಿಮಿಷ ಎಳೆದು, ಆಮೇಲೆ ಮೋಟಾರು ತಣ್ಣಗಾಗಲು ಬಹಳ ಹೊತ್ತು ಕಾಯಬೇಕು. ಕೆಸರಿನಲ್ಲಿ ಸಿಕ್ಕ ಜೀಪನ್ನು ತಿಂಗಳಿಗೊಮ್ಮೆ ಎಳೆಯಲಿಕ್ಕೆ ಸರಿ. ದಿನಕ್ಕೆ ನಲವತ್ತು ದಿಮ್ಮಿ ಎಳೆಯುವ ಕೆಲಸ ಅದರದಲ್ಲ.

ಇನ್ನೊಂದು ಮಾತೂ ಆ ಹಾಳೆಯಲ್ಲಿತ್ತು. 9500 ಅನ್ನುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಪದರ ಇದ್ದಾಗಿನ ಬಲ. ಹಗ್ಗ ಸುತ್ತಿಕೊಂಡು ದಪ್ಪವಾದಂತೆ ಬಲ ಇಳಿಯುತ್ತದೆ, ಮೇಲಿನ ಪದರಕ್ಕೆ ಬರುವಾಗ ಮೂರನೆಯ ಒಂದು ಭಾಗದಷ್ಟು ಹೋಗಿರುತ್ತದೆ. ಬಾವಿ ಗಡಗಡಿ ನೆನಪು ಮಾಡಿಕೊಳ್ಳಿ. ದಪ್ಪ ದಿಂಡಿಗೆ ಹಗ್ಗ ಸುತ್ತಿ ಎಳೆಯುವುದು ಕಷ್ಟ, ಸಣ್ಣ ದಿಂಡಿಗೆ ಸುಲಭ. ಅದೇ ಸಂಗತಿ. ಮುಂಗಡ ವಾಪಸು ಕೇಳಿದೆವು, ಕೊಡಲಿಲ್ಲ. ಬಿಟ್ಟೆವು.

ಕೈಯಿಂದ ಎಳೆಯುವ ಪುಲ್ಲರ್ ಕೂಡ ನೋಡಿದೆವು. ಹಿಡಿಕೆ ಹಿಂದೆ ಮುಂದೆ ಆಡಿಸಿದರೆ ಉಕ್ಕಿನ ಹಗ್ಗ ಸ್ವಲ್ಪ ಸ್ವಲ್ಪ ಬರುತ್ತದೆ. ಸತ್ಯವಾದ ಸಾಮಾನು ಅದು. ಭಾರ ಮೀರಿದರೆ ಹಿಡಿಕೆಯ ಪಿನ್ನು ತಾನೇ ಮುರಿದು ನಿಲ್ಲಿಸುತ್ತದೆ. ಒಂದೆರಡು ಮರ ಇರುವವರು ಇದನ್ನೇ ತರಲಿ ಅಂತ ಈಗಲೂ ಹೇಳುತ್ತೇವೆ. ಎರಡೂವರೆ ಎಕರೆಗೆ ಮಾತ್ರ ತೋಳು ಬಿದ್ದು ಹೋಗುತ್ತದೆ.

ಹೊರದೇಶದಲ್ಲಿ ಇದಕ್ಕೆಂದೇ ಮಾಡಿದ ಯಂತ್ರಗಳಿವೆ. ಫಿನ್‌ಲ್ಯಾಂಡಿನ ಫಾರ್ಮಿ, ಸ್ಲೊವೇನಿಯಾದ ತಾಯ್‌ಫುನ್ ಮತ್ತು ಯೂನಿಫಾರೆಸ್ಟ್. ಟ್ರ್ಯಾಕ್ಟರಿನ ಹಿಂದೆ ಮೂರು ಕೊಂಡಿಗೆ ತೂಗುಹಾಕಿ ಪಿಟಿಒ ಶಾಫ್ಟಿನಿಂದ ತಿರುಗಿಸುವಂಥವು. ಅವನ್ನು ತರಿಸುವ ತಾಕತ್ತು ನಮಗಿಲ್ಲ. ಆದರೆ ಮೊಬೈಲಿನಲ್ಲಿ ಅವರ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿದೆವು. ಎಲ್ಲದರಲ್ಲೂ ನಾಲ್ಕು ಸಂಗತಿ ಒಂದೇ ಥರ ಇದ್ದವು. ಕೆಳಗೆ ಅಗಲವಾದ ಉಕ್ಕಿನ ಬ್ಲೇಡು, ಎಳೆಯುವ ಮುಂಚೆ ಅದನ್ನು ನೆಲಕ್ಕೆ ಊರುತ್ತಾರೆ. ಹಗ್ಗ ಹೊರಬರುವ ರಾಟೆಯನ್ನು ಕೆಳಗಿನ ಮಟ್ಟಕ್ಕೆ ತರುತ್ತಾರೆ. ಚಾಲಕನ ಬೆನ್ನಿಗೆ ಕಬ್ಬಿಣದ ಜಾಳಿಗೆ. ಮತ್ತು ಒಂದು ದಾರ. ಆ ದಾರ ಎಳೆದು ಹಿಡಿದರೆ ಮಾತ್ರ ವಿಂಚ್ ಎಳೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಯಾಕೆ ಹೀಗೆ ಅನ್ನುವುದಕ್ಕೆ ಲೆಕ್ಕ ಬೇಕು. ನಾವು ಓದಿದ್ದು ಟಿಸಿಎಚ್, ಬಿಎ. ಭೌತಶಾಸ್ತ್ರ ಬಿಟ್ಟು ಮೂವತ್ತು ವರ್ಷವಾಗಿದೆ. ಹುಡುಗನ ವಿಜ್ಞಾನ ಪುಸ್ತಕ ತೆಗೆದುಕೊಂಡು, ವಿಜ್ಞಾನದ ಸಹೋದ್ಯೋಗಿಯನ್ನು ಚಹಾಕ್ಕೆ ಕರೆದು, ಕಟ್ಟೆಯ ಮೇಲೆ ಕೂತೆವು. ಬಲ, ಘರ್ಷಣೆ, ಸನ್ನೆ, ಆನಿಕೆ... ಎಲ್ಲ ಅಲ್ಲೇ ಕನ್ನಡದಲ್ಲೇ ಇತ್ತು.

ಮೊದಲು ದಿಮ್ಮಿಯ ತೂಕ. ಹಸಿ ಮರ ಒಂದು ಘನ ಮೀಟರಿಗೆ ಹತ್ತಿರಹತ್ತಿರ ಒಂದು ಟನ್ ಅಂತ ಹಿಡಿದೆವು. ಒಂದು ಅಡಿ ದಪ್ಪ, ಮೂರು ಮೀಟರ್ ಉದ್ದದ ಜಾಲಿ ದಿಮ್ಮಿ ಇನ್ನೂರು ಕಿಲೋ ಚಿಲ್ಲರೆ. ಅಪ್ಪನ ಬೇವು ಎರಡು ಅಡಿ ದಪ್ಪ, ನಾಲ್ಕು ಮೀಟರ್, ಅಂದರೆ ಒಂದು ಟನ್ನಿನ ಮೇಲೆ. ನೆಲದ ಮೇಲೆ ಎಳೆಯುವಾಗ ತೂಕದ ಅರ್ಧದಿಂದ ಮುಕ್ಕಾಲು ಬಲ ಸಾಕು. ಹಳ್ಳದ ಏರಿನಲ್ಲಿ ಮೇಲಕ್ಕೆ ಎಳೆಯುವಾಗ ಹೆಚ್ಚುಕಡಿಮೆ ತೂಕದಷ್ಟೇ ಬೇಕು. ಅಂದರೆ ನಮ್ಮ ಅತಿ ದೊಡ್ಡ ದಿಮ್ಮಿಗೂ ಒಂದೂಕಾಲು ಟನ್. ಎರಡು ಟನ್ನಿನ ವಿಂಚ್ ಧಾರಾಳ.

ಆಮೇಲೆ ಎಂಜಿನ್. ಎರಡು ಸಾವಿರ ಕಿಲೋ ಬಲದಿಂದ ಸೆಕೆಂಡಿಗೆ ಅರ್ಧ ಮೀಟರ್ ಹಗ್ಗ ಎಳೆಯಲು 13 ಎಚ್‌ಪಿ ಬೇಕು (ಒಂದು ಎಚ್‌ಪಿ ಅಂದರೆ ಸೆಕೆಂಡಿಗೆ 75 ಕಿಲೋವನ್ನು ಒಂದು ಮೀಟರ್ ಎತ್ತುವುದು, ಭಾಗಾಕಾರ ಮಾಡಿ ನೋಡಿ). ಅದೇ ವೇಗಕ್ಕೆ ಮೂರೂವರೆ ಟನ್ ಅಂದರೆ 23 ಎಚ್‌ಪಿ. ನಮ್ಮ 24ರ ಗಾಡಿಯಲ್ಲಿ ಪಿಟಿಒಗೆ ಬರುವುದೇ 20ರ ಆಸುಪಾಸು.

ಕೊನೆಗೆ ಗಾಡಿಯ ತೂಕ. ಆ ಭಾನುವಾರ ಏನಾಯಿತು ಅನ್ನುವುದು ಇಲ್ಲಿ ತಿಳಿಯಿತು. ಹಿಂದಿನ ಗಾಲಿ ನೆಲ ಮುಟ್ಟುವ ಜಾಗವೇ ಆನಿಕೆ. ಗಾಡಿಯ ತೂಕ ಆ ಆನಿಕೆಯಿಂದ ಸುಮಾರು 60 ಸೆಂ.ಮೀ. ಮುಂದೆ ಕೂತಿದೆ. ಸಾವಿರ ಕಿಲೋ ಗುಣಿಸು 0.6, ಅಂದರೆ 600. ನಾವು ಸರಪಳಿ ಕಟ್ಟಿದ್ದು ನೆಲದಿಂದ 80 ಸೆಂ.ಮೀ. ಮೇಲೆ. 600 ಭಾಗಿಸು 0.8, ಅಂದರೆ 750 ಕಿಲೋ. ಅಷ್ಟು ಎಳೆತ ಬಂತೆಂದರೆ ಮುಂದಿನ ಗಾಲಿ ಏಳಲೇಬೇಕು! ಅದೇ ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ, 35 ಸೆಂ.ಮೀ. ಎತ್ತರದಲ್ಲಿ ಕಟ್ಟಿದ್ದರೆ 1700 ಕಿಲೋ ತನಕ ಏಳುತ್ತಿರಲಿಲ್ಲ, ಅದಕ್ಕೂ ಮೊದಲೇ ಗಾಲಿ ಸುಮ್ಮನೆ ಜಾರುತ್ತಿತ್ತು. ತಮ್ಮ ಈ ಲೆಕ್ಕ ನೋಡಿ ಬಹಳ ಹೊತ್ತು ಸುಮ್ಮನೆ ಕೂತ. ಆಮೇಲೆ, "ಅಣ್ಣ, ಇದು ಒಂಬತ್ತನೇತ್ತ ಹುಡುಗರ ಲೆಕ್ಕ ಅಲ್ಲ?" ಅಂದ. ಹೌದು ಅಂದೆವು. ಅದಕ್ಕಿಂತ ಹೆಚ್ಚು ಹೇಳಲು ನಮಗೂ ನಾಚಿಕೆಯಾಯಿತು.

ಬ್ಲೇಡಿನ ಕೆಲಸವೂ ಇದೇ. ಅದನ್ನು ಗಾಲಿಯ ಹಿಂದೆ ನೆಲಕ್ಕೆ ಊರಿದರೆ ಆನಿಕೆ ಮುಕ್ಕಾಲು ಮೀಟರ್ ಹಿಂದಕ್ಕೆ ಹೋಗುತ್ತದೆ, ಗಾಡಿ ಏಳುವುದಿಲ್ಲ, ಜಾರುವುದೂ ಕಡಿಮೆ. ಆದರೆ ಎಷ್ಟೇ ಊರಿದರೂ ಒಂದು ಟನ್ನಿನ ಗಾಡಿಗೆ ಐದು ಟನ್ನಿನ ವಿಂಚ್ ಕಟ್ಟಿದರೆ ದಿಮ್ಮಿ ಗಾಡಿಯ ಹತ್ತಿರ ಬರುವುದಿಲ್ಲ, ಗಾಡಿ ದಿಮ್ಮಿಯ ಹತ್ತಿರ ಹೋಗುತ್ತದೆ.

ಇದನ್ನು ನಾರಾಯಣಪೇಟೆಯ ವರ್ಕ್‌ಶಾಪಿನವರಿಗೆ ಒಪ್ಪಿಸಲು ಸಾಕುಸಾಕಾಯಿತು. ಹಳೆಯ ಸಾಮಾನಿನಲ್ಲಿ ಒಳ್ಳೆಯ ಕೆಲಸ ಮಾಡುವ ಮನುಷ್ಯ. ತೆಲುಗು, ಕನ್ನಡ, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಆಡುತ್ತಾರೆ. "ಸಾರ್, ಐದು ಟನ್ ಮಾಡ್ತೀನಿ, ಗೇರ್ ಡಬ್ಬಿ ಅದ, ಏಂ ಕಾದು ಸಾರ್!" ಹೆಚ್ಚು ದುಡ್ಡೂ ಬೇಡ ಅಂದರು. ತಮ್ಮನ ಮನಸ್ಸು ಓಲಾಡಿತು. ಅದೇ ದುಡ್ಡಿಗೆ ಐದು ಟನ್ ಬರುವಾಗ ಎರಡು ಯಾಕೆ? ಮನೆಗೆ ಬರುವ ತನಕ ದಾರಿಯುದ್ದಕ್ಕೂ ಜಗಳ. "ನೀ ಕಾಗದದ ಮ್ಯಾಲ ಹೇಳ್ತಿ, ಹೊಲದಾಗ ಬ್ಯಾರೆ ಇರ್ತದ" ಅಂದ ಅವನು. ಹೊಲದಲ್ಲಿ ಏನಿರುತ್ತದೆ ಅಂತ ಆ ಭಾನುವಾರ ನೋಡಿದ್ದೇವಲ್ಲ ಅಂದದ್ದಕ್ಕೆ ಉತ್ತರ ಬರಲಿಲ್ಲ.

ಎರಡು ಟನ್ನೇ ಮಾಡಿಸಿದೆವು. ಪಿಟಿಒ 540 ಸುತ್ತನ್ನು ಗೇರು, ಚೈನಿನಲ್ಲಿ ಒಂಬತ್ತು ಪಟ್ಟು ಇಳಿಸಿ ಡ್ರಮ್ಮಿಗೆ 60 ಸುತ್ತು. ಡ್ರಮ್ 16 ಸೆಂ.ಮೀ. ದಪ್ಪ, ಅಗಲ ಇಟ್ಟದ್ದರಿಂದ 40 ಮೀಟರ್ ಹಗ್ಗ ಮೂರೇ ಪದರದಲ್ಲಿ ಮುಗಿಯುತ್ತದೆ, ಬಲ ಏಳನೆಯ ಒಂದು ಭಾಗ ಮಾತ್ರ ಇಳಿಯುತ್ತದೆ. ನಡುವೆ ಹಳೆಯ ಕ್ಲಚ್ ಪ್ಲೇಟು, ದಾರ ಎಳೆದರೆ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ. ಭಾರ ಮೀರಿದರೆ ಜಾರಬೇಕು ಅಂತ ಹೇಳಿ ಸ್ಪ್ರಿಂಗ್ ಬಿಗಿ ಕಡಿಮೆ ಇಡಿಸಿದೆವು. ಹಗ್ಗವನ್ನು ಗದ್ವಾಲದಿಂದ ತಂದೆವು, 8 ಮಿ.ಮೀ. ಉಕ್ಕಿನದು. ಹೊಸದಿದ್ದಾಗ ಅದು ತುಂಡಾಗುವುದು ಸುಮಾರು ನಾಲ್ಕು ಟನ್ನಿಗೆ, ಅಂದರೆ ವಿಂಚಿನ ಎರಡು ಪಟ್ಟು. ಐದು ಟನ್ ಮಾಡಿಸಿದ್ದರೆ ಈ ಹಗ್ಗ ದಾರದಂತೆ ಹರಿಯುತ್ತಿತ್ತು. ಹರಿದ ಉಕ್ಕಿನ ಹಗ್ಗ ಚಾಟಿಯ ಹಾಗೆ ಹಿಂದಕ್ಕೆ ಬೀಸುತ್ತದೆ. ಒಟ್ಟು ಖರ್ಚು 58 ಸಾವಿರ.

ಮೊದಲ ದಿನ ಜಾಲಿ ಸರಾಗ ಬಂತು. ಟ್ರ್ಯಾಕ್ಟರ್ ಬದುವಿನ ಮೇಲೆ ನಿಂತೇ ಇತ್ತು, ಒಂದು ಮುಳ್ಳೂ ಟೈರಿಗೆ ತಾಗಲಿಲ್ಲ. ಸಂಜೆ ಹಗ್ಗದ ತುದಿ ನೋಡಿದರೆ ಕುಣಿಕೆಯ ಯು-ಕ್ಲ್ಯಾಂಪಿನಿಂದ ಹಗ್ಗ ಎರಡು ಬೆರಳು ಜಾರಿದೆ! ಕ್ಲ್ಯಾಂಪನ್ನು ತಿರುಗಾ ಮುರುಗಾ ಹಾಕಿದ್ದೆವು. ಯು ಆಕಾರದ ಕಂಬಿ ಕೂರಬೇಕಾದದ್ದು ಹಗ್ಗದ ಗಿಡ್ಡ ತುದಿಯ ಮೇಲೆ, ಹಲ್ಲಿರುವ ಅಚ್ಚು ಭಾರ ಹೊರುವ ಉದ್ದನೆಯ ಹಗ್ಗದ ಮೇಲೆ. ಕ್ಲ್ಯಾಂಪು ಮೂರಕ್ಕೆ ಕಡಿಮೆ ಇರಬಾರದು. ನಮ್ಮಲ್ಲಿ ಬೋರ್‌ವೆಲ್ ಮೋಟಾರು ಇಳಿಸುವವರು ಕೂಡ ಇದನ್ನು ತಪ್ಪಾಗಿ ಹಾಕುವುದನ್ನು ನೋಡಿದ್ದೇವೆ. ದಯವಿಟ್ಟು ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ.

ಬೊಡ್ಡೆ ಕೀಳಲು ಮಾತ್ರ ಇದನ್ನು ಬಳಸಬೇಡಿ. ತಮ್ಮ ಒಂದು ಬೊಡ್ಡೆಗೆ ಕಟ್ಟಿ ನೋಡಿದ. ಕ್ಲಚ್ ಜಾರಿ ಹೊಗೆ ಬಂತು, ಬೊಡ್ಡೆ ಅಲ್ಲಾಡಲಿಲ್ಲ. ದಿಮ್ಮಿಗೆ ತೂಕ ಅಂತ ಒಂದಿದೆ. ನೆಲ ಹಿಡಿದ ಬೇರು ಎಷ್ಟು ಕೇಳುತ್ತದೆ ಅನ್ನುವುದಕ್ಕೆ ಲೆಕ್ಕವಿಲ್ಲ. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ, ಒಂದು ಅಡಿ ಕೆಳಗಿನ ತನಕ ತೆಗೆಯಬೇಕು. ಅದಕ್ಕೇ ಆ ಒಂದು ದಿನದ ಜೆಸಿಬಿ. ಕಟ್ಟಿಗೆ ಎಲ್ಲ ಮೊದಲೇ ಹೊರಗೆ ಬಂದಿದ್ದರಿಂದ ಅದಕ್ಕೂ ಕೆಲಸ ಹಗುರಾಯಿತು.

ಬೇವನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಎರಡು ಸಲ ಬಂಡೆಗೆ ಸಿಕ್ಕಿ ಕ್ಲಚ್ ಜಾರಿತು. ಗಾಡಿ ಅಲ್ಲಾಡಲಿಲ್ಲ, ಮುಂದಿನ ಗಾಲಿ ನೆಲದಲ್ಲೇ ಇತ್ತು. ಆಗ ದಿಮ್ಮಿಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರೊಳಗೆ ಹಾಯಿಸಿ, ತುದಿಯನ್ನು ದಂಡೆಯ ಮೇಲಿನ ಹುಣಸೆ ಮರಕ್ಕೆ ಬಿಗಿಯೋಣ ಅಂದೆವು. ದಿಮ್ಮಿಗೆ ಎರಡು ಪಟ್ಟು ಬಲ, ವೇಗ ಅರ್ಧ. ಹುಡುಗ ದೂರದ ಬದುವಿನ ಮೇಲೆ ಕೂತಿದ್ದವನು ಕೂಗಿ ಕೇಳಿದ. "ದೊಡ್ಡಪ್ಪ, ಹಗ್ಗದ ತುದಿ ಹುಣಸಿ ಮರಕ್ಕ ಯಾಕ ಕಟ್ತೀರಿ? ಗಾಡಿಗೇ ಕಟ್ಟಿದ್ರ ಹತ್ರ ಅಲ್ಲೇನು?" ತಮ್ಮ ನಮ್ಮ ಮುಖ ನೋಡಿದ. ಗಾಡಿಗೇ ಕಟ್ಟಿದರೆ ಎರಡು ಎಳೆಯ ಎಳೆತವೂ ಗಾಡಿಯ ಮೇಲೇ, ಮರಕ್ಕೆ ಕಟ್ಟಿದರೆ ಗಾಡಿಗೆ ಒಂದೇ ಎಳೆ ಅಂತ ನಾವು ಹೇಳುವ ಮುಂಚೆ ಅವನೇ ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು, "ಹಾಂ, ತಿಳೀತು" ಅಂದ. ಮರದ ತೊಗಟೆಗೆ ಗೋಣಿಚೀಲ ಸುತ್ತಿ ಪಟ್ಟಿ ಹಾಕಿದೆವು. ಎರಡು ಎಳೆಗಳ ನಡುವೆ ಯಾರೂ ನಿಲ್ಲಬಾರದು ಅಂತ ಹೇಳಿ ತಮ್ಮ ದಾರ ಎಳೆದ. ಬೇವು ಬಂಡೆ ದಾಟಿ, ಮಣ್ಣು ಉಳುತ್ತಾ, ಇರುವೆ ನಡೆದ ಹಾಗೆ ನಿಧಾನಕ್ಕೆ ದಂಡೆ ಹತ್ತಿ ಬಂತು. ಅಪ್ಪ ಅದನ್ನು ನೆಟ್ಟಾಗ ನಾವು ಸೀಮೆಎಣ್ಣೆ ಡಬ್ಬಿಯಲ್ಲಿ ನೀರು ಹೊತ್ತಿದ್ದೆವು.

ಆ ಎರಡೂವರೆ ಎಕರೆಯಲ್ಲಿ ಈ ಸಲ ತೊಗರಿ ಹಾಕಿದ್ದೇವೆ, ನೆಲ ಸಮ ಆಗುವ ತನಕ ಭತ್ತ ಬೇಡ ಅಂತ. ಬೇವಿನ ದಿಮ್ಮಿ ಅಂಗಳದಲ್ಲಿ ನೆರಳಿಗೆ ಒಣಗುತ್ತಿದೆ. ವಿಂಚನ್ನು ಊರಿನಲ್ಲಿ ಕೇಳಿದವರಿಗೆ ಕೊಡುತ್ತೇವೆ, ಆದರೆ ತಮ್ಮ ಜೊತೆಗೆ ಹೋಗುತ್ತಾನೆ, ಮಡ್‌ಗಾರ್ಡ್ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಮೊನ್ನೆ ಹಗ್ಗವನ್ನು ಬಟ್ಟೆಯಿಂದ ಒರೆಸುವಾಗ ಒಂದೇ ಕಡೆ ಐದಾರು ಎಳೆ ಹರಿದು ಚುಚ್ಚಿದವು. ಅದನ್ನು ಬದಲಿಸಬೇಕು. ಬರುವ ಭಾನುವಾರ ಗದ್ವಾಲಕ್ಕೆ ಹೋಗುತ್ತಿದ್ದೇವೆ. ಯಾರಿಗಾದರೂ ಹಗ್ಗ ಬೇಕಿದ್ದರೆ ಅಳತೆ ಹೇಳಿ ಕಳಿಸಿ, ಜೊತೆಗೇ ತರುತ್ತೇವೆ.